ಹೆಸರಿಲ್ಲದ ವೀರರು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಯೋಧಶಿಲ್ಪಗಳು

ಕನ್ನಡ ನಾಡಿನಲ್ಲಿ ಯೋಧನೊಬ್ಬನ ಚಿತ್ರವನ್ನು ಉಳಿಸಿಡುವ ಬಹಳ ಹಳೆಯ ಕ್ರಮ ವೀರಗಲ್ಲು. ಅರಸರ ಭಾವಚಿತ್ರಗಳು ಬಟ್ಟೆಯ ಮೇಲೆ, ಕಾಗದದ ಮೇಲೆ ಬರುವುದಕ್ಕೆ ನೂರಾರು ವರ್ಷ ಮೊದಲೇ ಹಳ್ಳಿಯ ಕಾಲಾಳು, ದನ ಕಾಯುವವ, ಬಿಲ್ಲುಗಾರ ಕಲ್ಲಿನಲ್ಲಿ ಮೂಡಿದ್ದರು. ಇಂದಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಇಂಥ ಕಲ್ಲುಗಳು ಕೆರೆಯ ಏರಿಯ ಮೇಲೆ, ಈಶ್ವರನ ಗುಡಿಯ ಮುಂದೆ, ಹೊಲದ ಬದುವಿನಲ್ಲಿ, ಊರ ಅಗಸೆಯ ಬಳಿ ನಿಂತಿವೆ. ಕೆಲವುಗಳ ಮೇಲೆ ಬರಹವಿದೆ. ಬರಹವಿಲ್ಲದ, ಇದ್ದರೂ ಸವೆದುಹೋದ ಕಲ್ಲುಗಳಲ್ಲಿ ಹೋರಾಡುತ್ತಿರುವವನು ಯಾರು ಎಂಬುದೇ ಈ ಲೇಖನದ ವಿಷಯ.

ಈ ಐದು ತಾಲ್ಲೂಕುಗಳಿಗೆ ಒಂದು ಸಮಾನ ಚರಿತ್ರೆಯಿದೆ. 1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಪ್ರದೇಶದಲ್ಲಿ ಇವೂ ಸೇರಿದ್ದವು. ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡಾಗ ಐದೂ ಅದರ ಪಾಲಾದವು. ಆಡಳಿತ ಹೀಗೆ ಕೈ ಬದಲಿಸಿದ್ದರಿಂದ ಇಲ್ಲಿನ ಶಾಸನಗಳ ಪ್ರಕಟಣೆಯೂ ಹಂಚಿಹೋಯಿತು. ಹಳೆಯ ಮೈಸೂರಿನ ಶಾಸನಗಳನ್ನು ಬಿ. ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಜಿಲ್ಲಾವಾರು ಅಚ್ಚು ಹಾಕಿಸುತ್ತಿದ್ದ ಕಾಲದಲ್ಲಿ ಈ ಸೀಮೆ ಅದರ ಹೊರಗೆ ಉಳಿಯಿತು. ಇಲ್ಲಿನ ಕನ್ನಡ ಶಾಸನಗಳು ಬಹುಪಾಲು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಬಂದವು. ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಸಂಪಾದಿಸಿದ ಅದರ ಮೊದಲ ಭಾಗ 1939ರಲ್ಲಿ ಹೊರಬಂದಿತು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ತನ್ನ ಶಾಸನ ಸಂಪುಟಗಳ ಮಾಲೆಯಲ್ಲಿ ಬಳ್ಳಾರಿ ಜಿಲ್ಲೆಯನ್ನು ಎತ್ತಿಕೊಂಡಿತು. ಶಾಸನ ಸಂಪುಟಗಳ ಕಣ್ಣು ಸಹಜವಾಗಿ ಅಕ್ಷರದ ಮೇಲೆ. ಅಕ್ಷರವಿಲ್ಲದ ಕಲ್ಲು ಅವುಗಳಲ್ಲಿ ಲೆಕ್ಕಕ್ಕೆ ಬರುವುದು ಕಡಿಮೆ. ಹೆಸರಿಲ್ಲದ ವೀರ ಪುಸ್ತಕದಲ್ಲಿಯೂ ಹೆಸರಿಲ್ಲದೆ ಉಳಿದುದಕ್ಕೆ ಇದೇ ಮುಖ್ಯ ಕಾರಣ.

ಕಲ್ಲಿನ ರಚನೆ

ಸಾಮಾನ್ಯ ವೀರಗಲ್ಲಿನಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ತೋಳು ಹಿಡಿದು ಅಥವಾ ವಿಮಾನದಲ್ಲಿ ಕೂರಿಸಿ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ಪಕ್ಕದಲ್ಲಿ ನಂದಿ, ಪೂಜೆ ಮಾಡುವ ಯತಿ. ತುದಿಯಲ್ಲಿ ಸೂರ್ಯ ಚಂದ್ರ, ಅವು ಇರುವವರೆಗೆ ಈ ಕೀರ್ತಿಯೂ ಇರಲಿ ಎಂಬ ಹಾರೈಕೆಯ ಗುರುತು. ಪಟ್ಟಿಕೆಗಳ ನಡುವಣ ಅಡ್ಡಪಟ್ಟಿಯೇ ಬರಹದ ಜಾಗ. ಗೆದ್ದರೆ ಸಂಪತ್ತು, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಅಳಿಯುವ ದೇಹದ ಚಿಂತೆ ಯಾಕೆ ಎಂಬ ಅರ್ಥದ ಸಂಸ್ಕೃತ ಶ್ಲೋಕ ಕನ್ನಡ ನಾಡಿನ ಎಷ್ಟೋ ವೀರಗಲ್ಲುಗಳಲ್ಲಿ ಮರುಕಳಿಸುತ್ತದೆ. ಹೆಸರಿಗೆ ಜಾಗವಿರದ ಕಲ್ಲಿನಲ್ಲೂ ಈ ನಂಬಿಕೆಯ ಚಿತ್ರಕ್ಕೆ ಜಾಗವಿದೆ.

ಇದು ಭಾವಚಿತ್ರವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಮುಖದ ಹೋಲಿಕೆಯೇ ಭಾವಚಿತ್ರದ ಲಕ್ಷಣವಾದರೆ ವೀರಗಲ್ಲು ಭಾವಚಿತ್ರವಲ್ಲ. ಒಂದೇ ಊರಿನ ಎರಡು ಕಲ್ಲುಗಳಲ್ಲಿ ಅದೇ ದುಂಡು ಮುಖ, ಅದೇ ಅಗಲ ಕಣ್ಣು, ಹಿಂದಕ್ಕೆ ಕಟ್ಟಿದ ಅದೇ ತುರುಬು. ಕಲ್ಲುಕುಟಿಗನು ವೀರನನ್ನು ಉಳಿದವರಿಗಿಂತ ದೊಡ್ಡದಾಗಿ ಕಡೆದು ತೋರಿಸುತ್ತಾನೆ, ಮುಖದಿಂದಲ್ಲ. ಆದರೆ ಆ ಮನುಷ್ಯ ಹೇಗೆ ಸತ್ತ ಎಂಬ ವಿಷಯದಲ್ಲಿ ಅವನು ಬಹಳ ನಿಖರ. ಕೆಳಗಿನ ಪಟ್ಟಿಕೆಯಲ್ಲಿ ಹಸುಗಳ ಸಾಲಿದ್ದರೆ ಅದು ತುರುಗೊಳ್, ಅಂದರೆ ದನಗಳ ಕಳವನ್ನು ತಡೆಯುವ ಜಗಳ. ಹೆಂಗಸೊಬ್ಬಳ ಸೀರೆಗೆ ಯಾರೋ ಕೈಹಾಕಿದ್ದರೆ ಅದು ಶಾಸನಗಳು ಹೇಳುವ ಪೆಂಡಿರುಡೆಯುರ್ಚು. ಹೆಣ್ಣುಮಕ್ಕಳ ಮಾನ ಕಾಯಲು ಬಿದ್ದವನ ಕಲ್ಲು. ಮನೆ, ಕೋಟೆ ಕಾಣಿಸಿದರೆ ಊರಳಿವು. ಹುಲಿ, ಹಂದಿ ಇದ್ದರೆ ಬೇಟೆ. ಪಕ್ಕದಲ್ಲಿ ಬಳೆ ತೊಟ್ಟ ಕೈಯೊಂದು ಮೇಲಕ್ಕೆದ್ದಿದ್ದರೆ ಅವನ ಹೆಂಡತಿಯೂ ಚಿತೆಯೇರಿದಳೆಂದು ತಿಳಿಯಬೇಕು. ಬಾಣ ಬಿಟ್ಟವನಷ್ಟೇ ಅವಳೂ ಆ ಕಲ್ಲಿನ ಹಕ್ಕುದಾರಳು. ಯಾರು ಎಂಬುದಕ್ಕಿಂತ ಯಾಕೆ ಎಂಬುದನ್ನು ಮುಂದಿಡುವ ಚಿತ್ರಕಲೆ ಇದು.

ಕಲ್ಲಿನ ಜಾತಿಯೂ ಗುರುತಿನ ಮೇಲೆ ಪರಿಣಾಮ ಬೀರುತ್ತದೆ. ತುಂಗಭದ್ರೆಯ ದಂಡೆಯ ಕಡೆ, ಹಡಗಲಿ ಹರಪನಹಳ್ಳಿ ಭಾಗದಲ್ಲಿ, ಕಲ್ಯಾಣದ ಚಾಲುಕ್ಯರ ಶಿಲ್ಪಿಗಳು ಮೆತ್ತನೆಯ ಬಳಪದ ಕಲ್ಲನ್ನು ಬಳಸಿದರು. ಬಾಗಳಿ, ಕುರುವತ್ತಿ, ಹಿರೇಹಡಗಲಿಯ ಗುಡಿಗಳ ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಇದರಿಂದ. ಕೂಡ್ಲಿಗಿ, ಗುಡೇಕೋಟೆಯ ಕಡೆ ಹೆಬ್ಬಂಡೆಗಳ ನಾಡು. ಅಲ್ಲಿನ ಕಣಶಿಲೆಯಲ್ಲಿ ಉಬ್ಬು ತೆಳುವಾಗಿ, ಗೆರೆ ಒರಟಾಗಿ ನಿಲ್ಲುತ್ತದೆ. ಬಳಪದ ಕಲ್ಲಿನಲ್ಲಿ ಒಡವೆಯ ಮಣಿಯನ್ನೂ ಎಣಿಸಬಹುದು. ಆದರೆ ಜನರ ಕೈ ಸೋಕಿ, ಎಣ್ಣೆ ಇಂಗಿ, ದನ ಮೈ ಉಜ್ಜಿ ಅದು ಬೇಗ ಸವೆಯುತ್ತದೆ. ಕಣಶಿಲೆ ಉಳಿಯುತ್ತದೆ, ಮೊದಲಿನಿಂದಲೇ ಕಡಿಮೆ ಹೇಳಿರುತ್ತದೆ.

ಯಾವ ಕಾಳಗ?

ಹೆಸರಿಲ್ಲದ ಕಲ್ಲಿಗೆ ಕಾಲ ಹೇಳುವುದು ಈ ಸೀಮೆಯಲ್ಲಿ ಸುಲಭವಲ್ಲ. ಇಲ್ಲಿ ಕಾಳಗ ನಡೆಯದ ಶತಮಾನವೇ ಇಲ್ಲ. ರಾಷ್ಟ್ರಕೂಟರ ಮತ್ತು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ನೊಳಂಬವಾಡಿ 32000, ಕೋಗಳಿ 500, ಮಾಸವಾಡಿ 140 ಎಂಬ ನಾಡುಗಳಲ್ಲಿ ಹಂಚಿಹೋಗಿತ್ತು. ಉಚ್ಚಂಗಿದುರ್ಗ ನೊಳಂಬರಿಗೂ ಆಮೇಲೆ ಪಾಂಡ್ಯರೆಂದು ಕರೆದುಕೊಂಡ ಸಾಮಂತ ಮನೆತನಕ್ಕೂ ನೆಲೆ. 963ರಿಂದ 974ರವರೆಗೆ ಆಳಿದ ಗಂಗರ ಇಮ್ಮಡಿ ಮಾರಸಿಂಹ ನೊಳಂಬಕುಲಾಂತಕ ಎಂಬ ಬಿರುದು ಪಡೆದ. 11ನೆಯ ಶತಮಾನದಲ್ಲಿ ಚೋಳರಿಗೂ ಚಾಲುಕ್ಯರಿಗೂ ತುಂಗಭದ್ರೆಯ ಆಸುಪಾಸಿನಲ್ಲಿ ಮತ್ತೆ ಮತ್ತೆ ಯುದ್ಧವಾಯಿತು. ಚಾಲುಕ್ಯ ಒಂದನೆಯ ಸೋಮೇಶ್ವರ 1068ರಲ್ಲಿ ವಾಸಿಯಾಗದ ಜ್ವರದಿಂದ ನೊಂದು ಕುರುವತ್ತಿಯಲ್ಲಿ ಹೊಳೆಗಿಳಿದು ಜಲಸಮಾಧಿ ಹೊಂದಿದ. 12ನೆಯ ಶತಮಾನದ ಉತ್ತರಾರ್ಧದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಉಚ್ಚಂಗಿಯನ್ನು ಗೆದ್ದ. 1327ರ ಸುಮಾರಿಗೆ ದಿಲ್ಲಿಯ ಸೇನೆ ಕಂಪಿಲಿಯನ್ನು ನಾಶಮಾಡಿತು. ಆಮೇಲೆ ವಿಜಯನಗರ, 1565ರಲ್ಲಿ ಅದು ಸೋತ ನಂತರ ಹರಪನಹಳ್ಳಿ, ಗುಡೇಕೋಟೆ, ಜರಿಮಲೆಯ ಪಾಳೆಯಗಾರರು.

ಇಷ್ಟು ದೊಡ್ಡ ಹೆಸರುಗಳನ್ನು ಕಂಡಾಗ ಪ್ರತಿಯೊಂದು ಕಲ್ಲನ್ನೂ ಇವುಗಳಲ್ಲೊಂದಕ್ಕೆ ಕಟ್ಟಬೇಕೆನಿಸುವುದು ಸಹಜ. ಆದರೆ ಓದಲು ಸಿಕ್ಕ ವೀರಗಲ್ಲುಗಳು ಹೇಳುವುದು ಬೇರೆ. ಬಹಳ ಮಂದಿ ಸತ್ತದ್ದು ಸಾಮ್ರಾಜ್ಯಕ್ಕಾಗಿ ಅಲ್ಲ, ಪಕ್ಕದ ಊರಿನವರು ಹೊಡೆದುಕೊಂಡು ಹೋಗುತ್ತಿದ್ದ ದನಗಳಿಗಾಗಿ. ಮಳೆ ಕಡಿಮೆಯ ಈ ಬಯಲಿನಲ್ಲಿ ದನವೇ ಬದುಕು. ಗೊಲ್ಲರು, ಕುರುಬರು, ಮ್ಯಾಸಬೇಡರು ಮಂದೆ ಕಟ್ಟಿಕೊಂಡು ಬಾಳಿದ ಸೀಮೆ ಇದು. ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಇಂದಿಗೂ ಭಕ್ತಿಯಿಂದ ಸಾಕುತ್ತಾರೆ. ಹಸುಗಳ ಸಾಲಿನ ಮುಂದೆ ಬಿಲ್ಲು ಹಿಡಿದು ನಿಂತವನನ್ನು ಅರಸನ ದಂಡನಾಯಕ ಎನ್ನುವುದು ಅವನಿಗೆ ಮಾಡುವ ಗೌರವವಲ್ಲ. ಅವನು ಅದಕ್ಕಿಂತ ಹತ್ತಿರದವನು.

ಗುರುತು ತಪ್ಪುವ ಬಗೆಗಳು

ಬರಹ ಇದ್ದಮಾತ್ರಕ್ಕೆ ಎಲ್ಲವೂ ತೀರ್ಮಾನವಾಗುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಗದ್ದೆಮನೆಯ ವೀರಗಲ್ಲು ಇದಕ್ಕೆ ದೊಡ್ಡ ನಿದರ್ಶನ. ಅದರಲ್ಲಿ ಬಿದ್ದವನ ಹೆಸರು ಸ್ಪಷ್ಟ: ಪೆಟ್ಟಣಿ ಸತ್ಯಾಂಕ. ಆದರೆ ಜೊತೆಗೆ ಬರುವ ಶಿಲಾದಿತ್ಯ, ಮಹೇಂದ್ರ ಯಾರು? ಶಾಮಶಾಸ್ತ್ರಿಗಳು ಶಿಲಾದಿತ್ಯನನ್ನು ಕನೋಜಿನ ಹರ್ಷನೆಂದೂ ಮಹೇಂದ್ರನನ್ನು ಪಲ್ಲವ ಮಹೇಂದ್ರವರ್ಮನೆಂದೂ ಗುರುತಿಸಿದರು. ಗುಜರಾತಿನ ಚಾಲುಕ್ಯ ಶಾಖೆಯ ಶ್ರ್ಯಾಶ್ರಯ ಶಿಲಾದಿತ್ಯ ಅವನಿರಬೇಕೆಂದು ಬೇರೆ ವಿದ್ವಾಂಸರು ವಾದಿಸಿದರು. ಒಂದು ಹೆಸರನ್ನು ಹೇಗೆ ಓದಿಕೊಳ್ಳುತ್ತೇವೆ ಎಂಬುದರ ಮೇಲೆ ಹರ್ಷನು ಮಲೆನಾಡಿಗೆ ದಂಡೆತ್ತಿ ಬಂದನೋ ಇಲ್ಲವೋ ಎಂಬ ಚರಿತ್ರೆಯೇ ನಿಂತುಬಿಟ್ಟಿತು.

ಚಿತ್ರವೊಂದನ್ನೇ ನಂಬಿದರೂ ದಾರಿ ತಪ್ಪುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ 949–50ರ ಕಲ್ಲಿನಲ್ಲಿ ನಾಯಿಯೊಂದು ಹಂದಿಯೊಡನೆ ಹೋರಾಡುತ್ತಿದೆ, ಅಷ್ಟೆ. ಬರಹ ಓದಿದಾಗ ಮಾತ್ರ ತಿಳಿಯುವುದು: ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ತನ್ನೊಡೆಯ ಬೂತುಗನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ, ಆ ನಾಯಿ ಕಾಡುಹಂದಿಯೊಡನೆ ಸೆಣಸಿ ಸತ್ತಿತು, ಅದರ ನೆನಪಿಗೆ ಕಲ್ಲು ನಿಂತಿತು. ಅಕ್ಷರ ಅಳಿಸಿಹೋಗಿದ್ದರೆ ಇದನ್ನು ಬೇಟೆಯ ಚಿತ್ರವೆಂದಷ್ಟೇ ಕರೆಯುತ್ತಿದ್ದೆವು. ಚೋಳ ರಾಜಾದಿತ್ಯ ಬಿದ್ದ ಮಹಾಯುದ್ಧದ ಸುಳಿವೇ ಸಿಗುತ್ತಿರಲಿಲ್ಲ. ಹಡಗಲಿ, ಕೂಡ್ಲಿಗಿಯ ಬಯಲಿನ ಬರಹವಿಲ್ಲದ ಕಲ್ಲುಗಳ ಹಿಂದೆ ಇಂಥ ಕಥೆಗಳು ಮುಚ್ಚಿಹೋಗಿವೆ ಎಂದು ನಂಬಲು ಈ ಒಂದು ಕಲ್ಲು ಸಾಕು.

ದೇವರಿಗೂ ವೀರನಿಗೂ ನಡುವಣ ಗೊಂದಲ ಈ ಸೀಮೆಯ ವಿಶೇಷ. ಹಡಗಲಿ ತಾಲ್ಲೂಕಿನ ಮೈಲಾರ ಮೈಲಾರಲಿಂಗನ ಕ್ಷೇತ್ರ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಪ್ಪ ಬಿಲ್ಲನ್ನೇರಿ ಕಾರಣಿಕ ನುಡಿಯುವುದನ್ನು ಕೇಳಲು ಲಕ್ಷಾಂತರ ಜನ ಸೇರುತ್ತಾರೆ. ಮೈಲಾರನನ್ನು ಕುದುರೆಯೇರಿದ, ಕತ್ತಿ ಹಿಡಿದ ವೀರನಂತೆ ಕಡೆಯುವುದುಂಟು, ಜೊತೆಯಲ್ಲಿ ನಾಯಿ. ಬೇಟೆಯಲ್ಲಿ ಸತ್ತ ನಾಯಕನ ಕಲ್ಲಿನಲ್ಲಿಯೂ ಕುದುರೆ, ಕತ್ತಿ, ನಾಯಿ. ಇವರಿಬ್ಬರನ್ನು ಬೇರ್ಪಡಿಸಲು ಕೈಗಳನ್ನು ನೋಡಬೇಕು: ತ್ರಿಶೂಲ, ಡಮರು, ಬಟ್ಟಲು ಇದ್ದರೆ ದೇವರು, ಎರಡೇ ಕೈಯಲ್ಲಿ ಕತ್ತಿ ಗುರಾಣಿ ಮಾತ್ರ ಇದ್ದರೆ ಮನುಷ್ಯನಿರುವ ಸಂಭವ ಹೆಚ್ಚು. ಕತ್ತಿ ಗುರಾಣಿ ಹಿಡಿದ ವೀರಭದ್ರನ ಕಾಲ ಬಳಿ ಕುರಿತಲೆಯ ದಕ್ಷ ಕೈಮುಗಿದು ನಿಂತಿರುತ್ತಾನೆ. ಅವನು ಕಾಣಿಸಿದರೆ ಅದು ವೀರಗಲ್ಲಲ್ಲ. ಆದರೆ ಶತಮಾನಗಳ ಎಣ್ಣೆ, ಕುಂಕುಮ, ಸುಣ್ಣದ ಪದರದ ಕೆಳಗೆ ದಕ್ಷನೂ ಡಮರುವೂ ಮರೆಯಾಗಿರುತ್ತವೆ. ಊರವರು ಎಷ್ಟೋ ವೀರಗಲ್ಲುಗಳನ್ನು ವೀರಭದ್ರನೆಂದೇ ಪೂಜಿಸುತ್ತಾರೆ. ಇದನ್ನು ಅಜ್ಞಾನ ಎನ್ನುವುದು ಸರಿಯಲ್ಲ. ಆ ಪೂಜೆ ಇಲ್ಲದಿದ್ದರೆ ಕಲ್ಲು ಎಂದೋ ಪಾಯದೊಳಗೆ ಸೇರಿಹೋಗುತ್ತಿತ್ತು.

ಮೇಲಿನ ಪಟ್ಟಿಕೆಯ ಲಿಂಗವನ್ನು ಹಿಡಿದು ವೀರನ ಜಾತಿ ಹೇಳುವ ಪ್ರಯತ್ನ ಈಗೀಗ ಕಾಣಿಸುತ್ತಿದೆ. ಬಸವಣ್ಣನವರಿಗಿಂತ ಎರಡು ಶತಮಾನ ಹಿಂದಿನ ಕಲ್ಲುಗಳಲ್ಲೂ ಲಿಂಗಪೂಜೆಯ ದೃಶ್ಯವಿದೆ. ಅದು ಶೈವನಂಬಿಕೆಯನ್ನು ಹೇಳುತ್ತದೆ, ಕುಲವನ್ನಲ್ಲ. ಜಿನಬಿಂಬ ಇದ್ದಲ್ಲಿ ಜೈನನೆನ್ನಬಹುದು. ಇದಕ್ಕಿಂತ ಮುಂದೆ ಹೋಗುವುದು ಕಲ್ಲಿಗೆ ಮಾಡುವ ಅನ್ಯಾಯ.

ಇನ್ನು ಕುಮಾರರಾಮ. ಕಂಪಿಲರಾಯನ ಮಗನಾದ ಇವನ ಸಾಹಸ ತುಂಗಭದ್ರೆಯ ಎರಡೂ ದಂಡೆಗಳ ಜನಪದರ ನಾಲಗೆಯಲ್ಲಿದೆ. ನಂಜುಂಡ ಕವಿ ಅದನ್ನು ಸಾಂಗತ್ಯದಲ್ಲಿ ಬರೆದ. ಕುದುರೆಯೇರಿದ ಯಾವ ವೀರನನ್ನು ಕಂಡರೂ ಕುಮಾರರಾಮ ಎನ್ನುವ ವಾಡಿಕೆ ಹಿಂದಿನಿಂದ ಇದೆ. ಈ ಕಥೆಯ ನಡುವಿನಲ್ಲೇ ಗುರುತು ತಪ್ಪುವ ಪ್ರಸಂಗವಿರುವುದು ಗಮನಾರ್ಹ. ಮಲತಾಯಿ ರತ್ನಾಜಿಯ ಸುಳ್ಳು ದೂರನ್ನು ನಂಬಿ ರಾಯ ಮಗನ ತಲೆ ತರಲು ಹೇಳಿದಾಗ ಮಂತ್ರಿ ಬೈಚಪ್ಪ ರಾಮನನ್ನು ಅಡಗಿಸಿಟ್ಟು ಬೇರೊಬ್ಬನ ತಲೆಯನ್ನು ಒಪ್ಪಿಸುತ್ತಾನೆ. ಹೆತ್ತ ತಂದೆಯೂ ಮುಖ ನೋಡಿ ಮೋಸಹೋದ. ತನ್ನ ತಲೆ ಕೊಟ್ಟು ರಾಮನನ್ನು ಉಳಿಸಿದವನನ್ನು ನೆನೆಯುವವರು ಕಡಿಮೆ. ಬರಹವಿಲ್ಲದ ಕಲ್ಲಿಗೆ ಕುಮಾರರಾಮನ ಹೆಸರಿಡುವಾಗಲೂ ಆಗುವುದು ಇದೇ: ಹೆಸರಾದವನಿಗೆ ಇನ್ನೊಂದು ಕಲ್ಲು ಸಿಗುತ್ತದೆ, ಅಲ್ಲಿ ನಿಜವಾಗಿ ಸತ್ತವನಿಗೆ ಇದ್ದ ಒಂದೂ ಹೋಗುತ್ತದೆ.

ಮುಖವಿಲ್ಲದ ಹೆಸರು

ಇದಕ್ಕೆ ತಿರುವುಮುರುವಾದ ಸಂಗತಿಯೂ ಇದೇ ನೆಲದಲ್ಲಿದೆ. ಹೈದರಾಲಿಯ ಸೈನಿಕರನ್ನು ಚಿತ್ರದುರ್ಗದ ಕಿಂಡಿಯಲ್ಲಿ ಒನಕೆಯಿಂದ ಬಡಿದು ಕೆಡವಿದ ಓಬವ್ವನ ತವರು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಎಂಬುದು ಇಲ್ಲಿನವರ ಗಟ್ಟಿ ನಂಬಿಕೆ. ಗಂಡ ಕಹಳೆ ಊದುವ ಕಾವಲುಗಾರ ಮುದ್ದಹನುಮ. ಆಕೆಯ ಕಾಲದ ಚಿತ್ರವಾಗಲಿ ಶಿಲ್ಪವಾಗಲಿ ನಮ್ಮ ಮುಂದಿಲ್ಲ. ಆದರೂ ಓಬವ್ವ ಎಂದಕೂಡಲೇ ಕನ್ನಡಿಗರ ಕಣ್ಣಿಗೆ ಒಂದು ಮುಖ ಬರುತ್ತದೆ: 1972ರಲ್ಲಿ ತೆರೆಕಂಡ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದ ಜಯಂತಿಯವರದು. ನಂತರದ ಪ್ರತಿಮೆಗಳು, ಕ್ಯಾಲೆಂಡರ್ ಚಿತ್ರಗಳು ಆ ನಿಲುವನ್ನೇ ಬೆಳೆಸಿದವು. ನವೆಂಬರ್ 11ರಂದು ರಾಜ್ಯ ಸರ್ಕಾರ ಆಚರಿಸುವ ಓಬವ್ವ ಜಯಂತಿಯಲ್ಲಿ ಪೂಜೆಗೊಳ್ಳುವುದೂ ಹೀಗೆ ಕಲ್ಪಿಸಿಕೊಂಡ ಮುಖವೇ. ವೀರಗಲ್ಲಿನಲ್ಲಿ ದೇಹವಿದೆ, ಹೆಸರಿಲ್ಲ. ಓಬವ್ವನಿಗೆ ಹೆಸರಿದೆ, ರೂಪವನ್ನು ನಾವು ಕೊಟ್ಟಿದ್ದೇವೆ. ಕಲ್ಪನೆಯೆಂದು ತಿಳಿದು ಗೌರವಿಸಿದರೆ ಅದರಲ್ಲಿ ತಪ್ಪೇನಿಲ್ಲ.

ಬಣ್ಣದ ಚಿತ್ರಗಳ ಕಾಲ ಬಂದ ಮೇಲೂ ತೊಡಕು ಮುಗಿಯಲಿಲ್ಲ. ಮೈಸೂರು ಮತ್ತು ಬಳ್ಳಾರಿ ಸೀಮೆಗಳಲ್ಲಿ ಮೋಜಣಿ ನಡೆಸಿ ಕೈಫಿಯತ್ತುಗಳನ್ನು, ಅಂದರೆ ಊರು ಮನೆತನಗಳ ಚರಿತ್ರೆಯ ಬರಹಗಳನ್ನು, ಬರೆಯಿಸಿದ ಸೇನಾಧಿಕಾರಿ ಕಾಲಿನ್ ಮೆಕೆಂಜಿಯ ಚಿತ್ರವನ್ನು 1816ರಲ್ಲಿ ಥಾಮಸ್ ಹಿಕಿ ಬರೆದ. ಕೆಂಪು ಸಮವಸ್ತ್ರದ ಮೆಕೆಂಜಿ ಯಾರೆಂಬುದರಲ್ಲಿ ಅನುಮಾನವಿಲ್ಲ. ಸುತ್ತ ನಿಂತ ಮೂವರು ಭಾರತೀಯರಲ್ಲಿ ಯಾರು ಯಾರು ಎಂದು ವಿದ್ವಾಂಸರು ಚರ್ಚಿಸಬೇಕಾಯಿತು. ಅವರಲ್ಲೊಬ್ಬ ಕನ್ನಡ ನಾಡಿನ ಜೈನ ಪಂಡಿತ ಧರ್ಮಯ್ಯನೆಂದು ಹೇಳುತ್ತಾರೆ. ಇಂಥವರು ಸೇರಿಸಿದ ಬರಹಗಳೇ ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಗ್ರಂಥಕ್ಕೆ ಆಕರ. ಪಾಳೆಯಗಾರರ ಚರಿತ್ರೆಗೆ ನಾವು ಇಂದಿಗೂ ಅದನ್ನೇ ತೆರೆಯುತ್ತೇವೆ. ಅರಸರ ಚಿತ್ರಗಳಲ್ಲೂ ಗುರುತು ತಪ್ಪಿದೆ. ಹೈದರಾಲಿ ಗಡ್ಡ ಮೀಸೆ ಬಿಟ್ಟಿರಲಿಲ್ಲವೆಂದು ಅವನ ಸೇನೆಯಲ್ಲಿದ್ದ ಫ್ರೆಂಚ್ ಅಧಿಕಾರಿಯೊಬ್ಬ ಬರೆದಿದ್ದಾನೆ. ಅವನದೆಂದು ತಿರುಗುವ ಒಂದು ಫ್ರೆಂಚ್ ಚಿತ್ರದ ಅಡಿಬರಹ ಅವನನ್ನು ಮರಾಠರ ಸೇನಾಧಿಪತಿಯಾಗಿಸಿದೆ. 1799ರಲ್ಲಿ ಮಡಿದ ಟಿಪ್ಪುವಿನ ಫೋಟೊ ಎಂದು ಜನ ಹಂಚಿಕೊಳ್ಳುವ ಚಿತ್ರ ಆಫ್ರಿಕದ ಜಾಂಜಿಬಾರಿನ ದಂತ ಮತ್ತು ಗುಲಾಮರ ವ್ಯಾಪಾರಿ ಟಿಪ್ಪು ಟಿಪ್‌ನದು. ಟಿಪ್ಪು ಸುಲ್ತಾನ ಸತ್ತು 40 ವರ್ಷ ಕಳೆದ ಮೇಲೆಯೇ ಫೋಟೊ ತೆಗೆಯುವ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು. ಅರಸರ ಪಾಡೇ ಹೀಗಿರುವಾಗ ಕೂಡ್ಲಿಗಿಯ ಬಿಲ್ಲುಗಾರನ ಹೆಸರು ಅಳಿದದ್ದು ಅಚ್ಚರಿಯಲ್ಲ.

ಗುರುತಿಸುವ ಕ್ರಮ

ಕಲ್ಲನ್ನು ಓದುವವರು ಮೊದಲು ಅಡ್ಡಪಟ್ಟಿಯನ್ನು ನೀರಿನಿಂದ ತೊಳೆದು, ಒದ್ದೆ ಕಾಗದವನ್ನು ಅಂಟಿಸಿ, ಬ್ರಷ್‌ನಿಂದ ಬಡಿದು, ಮಸಿ ಸವರಿ ಪಡಿಯಚ್ಚು ತೆಗೆಯುತ್ತಾರೆ. ಕಣ್ಣಿಗೆ ಕಾಣದ ಗೆರೆ ಕಾಗದದ ಮೇಲೆ ಬಿಳಿಯಾಗಿ ಏಳುವುದುಂಟು. ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೇ ಕತ್ತಲಲ್ಲಿ ಬದಿಯಿಂದ ಟಾರ್ಚ್ ಹಿಡಿದು ತೆಗೆದ ಫೋಟೊವೂ ಅಷ್ಟೇ ಸಹಾಯಕ. ತೇದಿ ಇಲ್ಲದಿದ್ದರೆ ಅಕ್ಷರದ ಮೈಕಟ್ಟಿನಿಂದ ಶತಮಾನವನ್ನು ಹೇಳಬಹುದು. ಅಕ್ಷರವೇ ಇಲ್ಲದಿದ್ದರೆ ಆಯುಧ, ಉಡುಗೆ, ಕಮಾನಿನ ವಿನ್ಯಾಸ ನೋಡಬೇಕು. ಎತ್ತರದ ಕುಲಾವಿ ಎಂಬ ಟೊಪ್ಪಿಗೆ ತೊಟ್ಟವನು ವಿಜಯನಗರದ ಕಾಲಕ್ಕಿಂತ ಹಿಂದಿನವನಾಗಿರಲಾರ. ಆಮೇಲೆ ಹತ್ತಿರದ ಗುಡಿಯ ಶಾಸನಗಳು, ಊರ ಹಳೆಯ ಹೆಸರು, ಕಲ್ಲು ನಿಂತ ಜಾಗ. ಹಳ್ಳದ ದಾಟಿನಲ್ಲೋ ದನದ ಹಾದಿಯಲ್ಲೋ ನಿಂತ ಕಲ್ಲು ತಾನು ನಿಂತ ಕಡೆಯಿಂದಲೇ ಸಾಕ್ಷಿ ನುಡಿಯುತ್ತದೆ. ಅಲ್ಲಿಂದ ಕಿತ್ತು ಗುಡಿಯ ಅಂಗಳದಲ್ಲಿ ಸಾಲಾಗಿ ನೆಟ್ಟರೆ ಆ ಸಾಕ್ಷಿ ಮುಗಿಯಿತು. ತುಂಗಭದ್ರಾ ಜಲಾಶಯ ತುಂಬಿದಾಗ ಹಿನ್ನೀರಿಗೆ ಊರು ಬಿಟ್ಟವರು ದೇವರನ್ನು ಹೊತ್ತು ತಂದರು. ಬಯಲಿನ ಕಲ್ಲುಗಳನ್ನು ಹೊರುವವರು ಇರಲಿಲ್ಲ.

ಆರ್. ಶೇಷಶಾಸ್ತ್ರಿಯವರು ಕರ್ನಾಟಕದ ವೀರಗಲ್ಲುಗಳ ಮೇಲೆ ನಡೆಸಿದ ಅಧ್ಯಯನವೂ, ಎಸ್. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಸಂಪಾದಿಸಿ 1982ರಲ್ಲಿ ಧಾರವಾಡದಿಂದ ಹೊರಬಂದ ಸ್ಮಾರಕಶಿಲೆಗಳ ಗ್ರಂಥವೂ ಈ ಕಲ್ಲುಗಳನ್ನು ಚರಿತ್ರೆಯ ಮುಖ್ಯ ಆಕರವಾಗಿ ನಿಲ್ಲಿಸಿದವು. ಈಗ ಬೇಕಾಗಿರುವುದು ಐದೂ ತಾಲ್ಲೂಕುಗಳ ಬರಹವಿಲ್ಲದ ಕಲ್ಲುಗಳ ಊರುವಾರು ಪಟ್ಟಿ. ಅದರಲ್ಲಿ ಗುರುತು ಸಿಗದವನನ್ನು ಹೆಸರು ತಿಳಿಯದ ವೀರ ಎಂದೇ ಬರೆಯಬೇಕು. ಜೊತೆಗೆ ಅವನು ಮಾಡಿದ ಕೆಲಸವನ್ನು ಬರೆಯಬೇಕು, ಕಲ್ಲು ಅದನ್ನು ಹೇಳಿಯೇ ಇದೆ.

ನಿಮ್ಮ ಹೊಲದಲ್ಲಿ, ಕೆರೆಯ ಏರಿಯಲ್ಲಿ ಇಂಥ ಕಲ್ಲು ಕಂಡರೆ ಅದನ್ನು ಸರಿಸಬೇಡಿ, ಆಯಿಲ್ ಪೇಂಟ್ ಬಳಿಯಬೇಡಿ, ತಂತಿಯ ಬ್ರಷ್‌ನಿಂದ ಉಜ್ಜಬೇಡಿ. ನಾಲ್ಕೂ ಬದಿಯಿಂದ ಫೋಟೊ ತೆಗೆದು, ಊರಿನ ಹಿರಿಯರು ಅದನ್ನು ಏನೆಂದು ಕರೆಯುತ್ತಾರೆಂದು ಬರೆದುಕೊಂಡು, ರಾಜ್ಯ ಪುರಾತತ್ವ ಇಲಾಖೆಗೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ತಿಳಿಸಿ.